ಒಂಟಿ ರಕ್ಕಸನೂ ಒಂದು ಊರೂ

ಬಯಲಾಟದ ರಂಗದ ಮೇಲೆ ರಕ್ಕಸನು ಪ್ರವೇಶಿಸುವ ಹೊತ್ತನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮದ್ದಳೆಯ ಸದ್ದು ಏರುತ್ತದೆ. ಕಿರೀಟ ಭುಜಕೀರ್ತಿಗಳನ್ನು ಧರಿಸಿದ ಆ ಮೂರ್ತಿ ಅಟ್ಟದ ಹಲಗೆಗಳು ಮುರಿಯುವಂತೆ ಕುಣಿಯುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ತಾಯಂದಿರ ಮಡಿಲು ಸೇರುತ್ತಾರೆ. "ಈ ಪಟ್ಟಣವನ್ನು ನಾನೊಬ್ಬನೇ ಸೂರೆಗೊಳ್ಳುವೆನು" ಎಂದು ಅವನು ಆರ್ಭಟಿಸಿದರೆ ಯಾರೂ ಸಂಶಯಪಡುವುದಿಲ್ಲ. ಆದರೆ ಬೆಳಗಾಗಿ ಬಣ್ಣ ಕಳಚಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಬಹುದಾಗಿದೆ. ಒಬ್ಬನೇ ಒಬ್ಬನು ಒಂದು ಊರನ್ನು ಗೆಲ್ಲಬೇಕಾದರೆ ಅವನಲ್ಲಿ ಎಷ್ಟು ಬಲವಿರಬೇಕು? ಇದಕ್ಕೆ ಅಂಕಿಗಳಲ್ಲಿ ಉತ್ತರ ಹೇಳಲು ಸಾಧ್ಯವೇ?

ಈ ಪ್ರಶ್ನೆ ಇಂದು ಕೇವಲ ಬಯಲಾಟಕ್ಕೆ ಸಂಬಂಧಿಸಿದುದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಇದರಲ್ಲಿ ಆಟಗಾರರು ಒಂದೊಂದು ಪಾತ್ರವನ್ನು ವಹಿಸಿ ಮಾತಿನಲ್ಲಿಯೇ ಸಾಹಸ ಮಾಡುತ್ತಾರೆ; ಸೂತ್ರಧಾರನಾದವನು ಖಳನನ್ನು ಕಲ್ಪಿಸುತ್ತಾನೆ; ಪೆಟ್ಟು ತಗಲಿತೇ ಇಲ್ಲವೇ ಎಂಬುದನ್ನು 20 ಮುಖಗಳ ದಾಳವೊಂದು ನಿರ್ಣಯಿಸುತ್ತದೆ. ಇಂತಹ ಆಟಗಳ ಮೂಲಪುರುಷನೆಂದರೆ ಪ್ರಷ್ಯದ ಸೇನಾಧಿಕಾರಿಗಳ ಅಭ್ಯಾಸಕ್ಕಾಗಿ ರೈಸ್ವಿಟ್ಸ್ ಎಂಬ ಅಧಿಕಾರಿಯು 1824ರಲ್ಲಿ ಹೊರತಂದ ಯುದ್ಧದಾಟ. (ಅದೇ ವರ್ಷದ ಅಕ್ಟೋಬರಿನಲ್ಲಿ ನಮ್ಮ ಕಿತ್ತೂರಿನ ಕೋಟೆಯೆದುರು ನಡೆದುದು ಆಟವಾಗಿರಲಿಲ್ಲ.) ಸೂತ್ರಧಾರನಿಗೆ ಪದೇ ಪದೇ ಎದುರಾಗುವ ತೊಡಕು ನಮ್ಮ ಪ್ರಶ್ನೆಯೇ ಆಗಿದೆ: ಖಳನು ತೀರ ದುರ್ಬಲನಾದರೆ ಊರವರೇ ಅವನನ್ನು ಬಡಿದುಹಾಕುವರು, ತೀರ ಬಲಿಷ್ಠನಾದರೆ ಕಥೆಯೇ ಉಳಿಯದು.

ಲೆಕ್ಕಕ್ಕೆ ಒಂದು ನೆಲ ಬೇಕಷ್ಟೆ. ಕಾಗವಾಡದ ಸೀಮೆಯಲ್ಲಿ, ಕೃಷ್ಣೆಯ ದಂಡೆಯಲ್ಲಿ, ಕಪ್ಪು ಮಣ್ಣಿನ ನಡುವೆ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಕೈಯಲ್ಲಿ ಬಡಿಗೆ ಹಿಡಿಯಬಲ್ಲವರು 100 ಮಂದಿ. ಖಳನು ಒಬ್ಬನೇ ಬಯಲಿಗೆ ಬಂದು ನಿಂತಿದ್ದಾನೆ. ಗಡಿಯಾರದ ಒಂದೊಂದು ಬಡಿತಕ್ಕೂ ಅವನು ಒಬ್ಬನನ್ನು ಕೆಡಹುತ್ತಾನೆಂದೂ, ಅದೇ ಕ್ಷಣದಲ್ಲಿ ಬದುಕಿರುವ ಪ್ರತಿಯೊಬ್ಬನೂ ಅವನಿಗೆ ಒಂದು ಪೆಟ್ಟು ಕೊಡುತ್ತಾನೆಂದೂ ಇಟ್ಟುಕೊಳ್ಳೋಣ. ಮೊದಲ ಬಡಿತಕ್ಕೆ ಅವನ ಮೇಲೆ 100 ಪೆಟ್ಟುಗಳು ಬೀಳುವುವು, ಎರಡನೆಯದಕ್ಕೆ 99, ಮೂರನೆಯದಕ್ಕೆ 98. ಹೀಗೆ ಕೊನೆಯ ಒಬ್ಬನವರೆಗೆ ಕೂಡಿಸಿದರೆ ಬರುವ ಮೊತ್ತವೆಷ್ಟು? ಬೀಜಗಣಿತ ಓದಿದ ವಿದ್ಯಾರ್ಥಿಯು ಕಾಗದವನ್ನು ಮುಟ್ಟದೆ ಹೇಳಬಲ್ಲನು: 5,050. ಗಣಿತಜ್ಞ ಗಾಸನು ಬಾಲಕನಾಗಿದ್ದಾಗ ಶಾಲೆಯಲ್ಲಿ ಕ್ಷಣಾರ್ಧದಲ್ಲಿ ಬಿಡಿಸಿದನೆಂದು ಹೇಳುವ ಲೆಕ್ಕ ಇದೇ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ನೂರು ಮಂದಿಯನ್ನು ಗೆಲ್ಲಲು ನೂರು ಮಡಿ ಗಟ್ಟಿಯಾಗಿದ್ದರೆ ಸಾಕೆಂದು ನಮಗೆ ತೋರುವುದು ಸಹಜ. ಆದರೆ ಲೆಕ್ಕವು ಐದು ಸಾವಿರಕ್ಕೂ ಮಿಕ್ಕಿದ ಪೆಟ್ಟುಗಳನ್ನು ತಾಳಬಲ್ಲವನು ಬೇಕೆನ್ನುತ್ತದೆ. ಊರು ಹತ್ತು ಪಟ್ಟು ದೊಡ್ಡದಾಗಿ 1,000 ಮಂದಿಯಾದರೆ ತಾಳಬೇಕಾದ ಪೆಟ್ಟುಗಳು 5,00,500, ಅಂದರೆ ಹತ್ತಿರ ಹತ್ತಿರ ನೂರು ಪಟ್ಟು. ಜನಸಂಖ್ಯೆ ಏರಿದಂತೆ ಖಳನ ಹೊರೆಯು ಅದರ ವರ್ಗದಂತೆ ಏರುತ್ತದೆ.

"ಅವನ ಮೈಮೇಲೆ ವಜ್ರಕವಚವಿದ್ದರೆ?" ಎಂದು ಕೇಳಬಹುದು. ಆ ಆಟದ ಈಗಿನ ನಿಯಮದಂತೆ ದಾಳದಲ್ಲಿ 20 ಬಿದ್ದರೆ ಎಂತಹ ಕವಚವಿದ್ದರೂ ಪೆಟ್ಟು ತಗಲಲೇಬೇಕು. ಇಪ್ಪತ್ತು ಪೆಟ್ಟುಗಳಲ್ಲಿ ಸರಾಸರಿ ಒಂದಾದರೂ ಸಂದಿಯಲ್ಲಿ ನುಸುಳಿತೆಂದು ಇದರ ಅರ್ಥ. ಆಗ 5,050 ಎಂಬುದು ಸುಮಾರು 252ಕ್ಕೆ ಇಳಿಯುತ್ತದೆ. ಹೊರೆ ಇಳಿಯಿತು, ನಿಜ. ಆದರೆ ವರ್ಗದ ನಿಯಮವು ಕದಲಲಿಲ್ಲ. ಇನ್ನು ಅವನು ಬೆಂಕಿಯುಗುಳಿ ಒಂದು ಬಡಿತಕ್ಕೆ ಹತ್ತು ಜನರನ್ನು ಸುಡಬಲ್ಲನಾದರೆ? ಸಾವಿರ ಮಂದಿಯ ಊರಿನಲ್ಲಿ ಅವನು ತಾಳಬೇಕಾದುದು 1,000 ಕೂಡಿಸು 990 ಕೂಡಿಸು 980, ಹೀಗೆ ಒಟ್ಟು 50,500 ಪೆಟ್ಟುಗಳು. ಕೊಲ್ಲುವ ವೇಗ ಹತ್ತು ಪಟ್ಟಾದರೆ ಹೊರೆ ಹತ್ತರಲ್ಲೊಂದು ಭಾಗವಾಗುತ್ತದೆ, ಅಷ್ಟೆ.

ಈ ವರ್ಗನಿಯಮವು ಆಟದವರ ಸ್ವತ್ತಲ್ಲ. ಮೋಟಾರು ಗಾಡಿಗಳ ನಿರ್ಮಾಣದಲ್ಲಿ ಹೆಸರಾದ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿಯು, ಮೊದಲನೆಯ ಮಹಾಯುದ್ಧ ಆರಂಭವಾದ 1914ರಲ್ಲಿ, ಎರಡು ಸೇನೆಗಳು ಒಂದನ್ನೊಂದು ಸವೆಸುವ ಬಗೆಯನ್ನು ಸಮೀಕರಣಗಳಲ್ಲಿ ಬರೆದು ತೋರಿಸಿದನು. 1916ರಲ್ಲಿ ಅದು ಅವನ ವಿಮಾನಯುದ್ಧದ ಪುಸ್ತಕದಲ್ಲಿ ಸೇರಿತು. ಎಲ್ಲರೂ ಎಲ್ಲರ ಮೇಲೆ ಗುರಿಯಿಡಬಲ್ಲ ಕಾಳಗದಲ್ಲಿ ಬಲವು ಸಂಖ್ಯೆಯ ವರ್ಗದಂತೆ ನಡೆಯುತ್ತದೆ. ಒಬ್ಬನಿಗೊಬ್ಬನಂತೆ ಕೈಮಿಲಾಯಿಸುವ ಹಳೆಯ ಕಾಳಗದಲ್ಲಿ ಬರಿಯ ಸಂಖ್ಯೆಯಂತೆ ನಡೆಯುತ್ತದೆ. ಇದು ಅವನ ಸಿದ್ಧಾಂತದ ತಿರುಳು.

ಈ ಎರಡನೆಯ ಮಾತಿನಲ್ಲಿ ನಮ್ಮ ಖಳನಿಗೊಂದು ಆಸೆಯಿದೆ. ಬಯಲನ್ನು ಬಿಟ್ಟು ಅವನು ಊರಬಾಗಿಲ ಇಕ್ಕಟ್ಟಿನಲ್ಲಿ ನಿಂತನೆನ್ನಿ. ಏಕಕಾಲಕ್ಕೆ ಹತ್ತು ಜನರು ಮಾತ್ರ ಅವನನ್ನು ಮುಟ್ಟಬಲ್ಲರು. ಉಳಿದ 990 ಮಂದಿ ಹಿಂದೆ ನಿಂತು ಕೂಗುವುದಷ್ಟೇ ಸಾಧ್ಯ. ಈಗ ಸಾವಿರ ಮಂದಿಯೂ ಒಬ್ಬರ ಹಿಂದೊಬ್ಬರು ಬಿದ್ದುಹೋಗುವವರೆಗೆ ಅವನು ತಾಳಬೇಕಾದ ಪೆಟ್ಟುಗಳು 9,955 ಮಾತ್ರ. ಅದೇ ಖಳನನ್ನು ಬಯಲಿಗೆ ಎಳೆದು ತಂದರೋ? 1,000, 999, 998 ಎಂದು ಕೂಡಿಸುತ್ತ ಹೋಗಿ ಹತ್ತನೆಯ ಬಡಿತಕ್ಕೆ ನಿಲ್ಲಿಸಿ ನೋಡಿ: ಮೊತ್ತವು ಸರಿಯಾಗಿ 9,955! ಬಾಗಿಲಲ್ಲಿ ಸಾವಿರ ಜನರನ್ನು ನುಂಗುವ ರಕ್ಕಸನು ಬಯಲಿನಲ್ಲಿ ಹತ್ತು ಜನರನ್ನು ಕೊಂದು ತಾನೇ ಬೀಳುತ್ತಾನೆ. ಈ ಎರಡು ಮೊತ್ತಗಳು ಏಕೆ ಒಂದೇ ಆದುವೆಂಬುದನ್ನು ಚೌಕುಳಿ ಕಾಗದದ ಮೇಲೆ ಮೆಟ್ಟಿಲಿನಂತಹ ಚಿತ್ರವನ್ನು ಬರೆದು, ಅದನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಎಣಿಸಿದರೆ ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುವರು.

ನಮ್ಮ ಹಿರಿಯರು ಸಮೀಕರಣ ಬರೆಯಲಿಲ್ಲ; ಗೋಡೆ ಕಟ್ಟಿದರು. ಉತ್ತರ ಕರ್ನಾಟಕದ ಬಯಲುಸೀಮೆಯ ಅನೇಕ ಹಳ್ಳಿಗಳಲ್ಲಿ ಇಂದಿಗೂ ಹುಡೇವುಗಳು ನಿಂತಿವೆ. ಕಲ್ಲು ಮಣ್ಣುಗಳಿಂದ ಕಟ್ಟಿದ ಎತ್ತರದ ಕಾವಲು ಬುರುಜುಗಳು ಇವು. ಕಳ್ಳರ, ಪೆಂಢಾರಿಗಳ ದಂಡು ಬರುವುದನ್ನು ದೂರದಿಂದಲೇ ಕಾಣಲೆಂದು ಇವನ್ನು ಕಟ್ಟಿದರೆಂದು ಸಾಮಾನ್ಯವಾಗಿ ಹೇಳುವುದುಂಟು. ನೋಟ ಮಾತ್ರವಲ್ಲ, ಲೆಕ್ಕವೂ ಅಲ್ಲಿ ಬದಲಾಗುತ್ತದೆಂಬುದು ನಮ್ಮ ಅಭಿಪ್ರಾಯ. ಬಾಗಿಲಲ್ಲಿ ಬಡಿಗೆ ಹಿಡಿದು ನಿಂತ ನೂರು ಜನರಲ್ಲಿ ಮುಂದಿನ ಸಾಲಿನವರು ಮಾತ್ರ ಹೊಡೆದಾಡಬಲ್ಲರು. ಗೋಡೆಯ ಮೇಲೆ, ಬುರುಜಿನ ಮೇಲೆ ಕವಣೆ ಹಿಡಿದು ನಿಂತ ನೂರು ಜನರು ಒಟ್ಟಿಗೇ ಒಬ್ಬನ ಮೇಲೆ ಕಲ್ಲು ಬೀಸಬಲ್ಲರು. ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿಗಳನ್ನು ಓಡಿಸುವ ಹುಡುಗನ ಕವಣೆಯೇ ಇಲ್ಲಿ ರಕ್ಕಸನನ್ನು ಇಕ್ಕಟ್ಟಿನ ಲೆಕ್ಕದಿಂದ ಹೊರಗೆಳೆದು ವರ್ಗದ ಲೆಕ್ಕಕ್ಕೆ ನೂಕುತ್ತದೆ.

ಹಾಗಾದರೆ ಒಂಟಿ ಖಳನಿಂದ ಯಾವ ಊರಿಗೂ ಭಯವಿಲ್ಲವೆನ್ನೋಣವೇ? ಅವಸರ ಬೇಡ. ನಾವು ಮಾಡಿದ ಲೆಕ್ಕದಲ್ಲೆಲ್ಲ ಒಂದು ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡು ಬಂದಿದ್ದೇವೆ. ಊರವರೆಲ್ಲರೂ ಹೊರಗೆ ಬಂದರೆಂಬುದೇ ಆ ಮಾತು.

ಮಹಾಭಾರತದ ಏಕಚಕ್ರನಗರವನ್ನು ನೆನೆಯಿರಿ. ಬಕನೆಂಬ ಒಬ್ಬನೇ ರಕ್ಕಸನಿಗೆ ಇಡೀ ಪಟ್ಟಣವು ಬಂಡಿ ಅನ್ನವನ್ನೂ ಎರಡು ಕೋಣಗಳನ್ನೂ ಅವನ್ನು ಒಯ್ಯುವ ಒಬ್ಬ ಮನುಷ್ಯನನ್ನೂ ಸರದಿಯಂತೆ ಕಳುಹಿಸುತ್ತಿತ್ತು. ತಪ್ಪಿಸಿಕೊಳ್ಳಲು ನೋಡಿದವರನ್ನು ಅವನು ಹೆಂಡಿರು ಮಕ್ಕಳೊಡನೆ ಕೊಂದು ತಿನ್ನುತ್ತಿದ್ದನಂತೆ. ಈ ಸರದಿಯು ದಿನಕ್ಕೊಂದೆಂದು ಲೆಕ್ಕಕ್ಕಾಗಿ ಹಿಡಿದರೆ ವರ್ಷಕ್ಕೆ 365 ಜೀವಗಳು ಹೋದುವು. ಈಗ ಆ ಬಕನಿಗೆ ಒಂದು ಬಲವನ್ನು ಗೊತ್ತುಮಾಡೋಣ: ಅವನು 1,80,100ನೆಯ ಪೆಟ್ಟಿಗೆ ಬೀಳುವವನು. ಸಾಮಾನ್ಯ ಬಲವಲ್ಲ. ಆದರೂ ಪಟ್ಟಣದಿಂದ ಸಾವಿರ ಮಂದಿ ಒಂದೇ ಬೆಳಗ್ಗೆ ಬಯಲಿಗೆ ಬಂದರೆ ಅವರಲ್ಲಿ 200 ಮಂದಿ ಮಡಿಯುವಷ್ಟರಲ್ಲಿ ಅವನು ಬೀಳುತ್ತಾನೆ. ಏಳು ತಿಂಗಳ ಸರದಿಯಲ್ಲಿ ಹೋಗುವ ಜೀವಗಳಿಗಿಂತ ಇದು ಕಡಮೆ. ಆಮೇಲೆ ಸರದಿಯೇ ಇಲ್ಲ.

ಸಾವಿರದ ಬದಲು 800 ಮಂದಿ ಬಂದರೆ ಸಾಯುವವರು 271. ಬರುವವರು ಕಡಮೆಯಾದಷ್ಟೂ ಸಾಯುವವರು ಹೆಚ್ಚುತ್ತಾರೆ! 600 ಮಂದಿ ಬಂದರೆ ಗೆಲವು ಊರಿನದೇ, ಆದರೆ ಮನೆಗೆ ಮರಳುವವರು 19 ಜನ ಮಾತ್ರ. 599 ಮಂದಿ ಬಂದರೆ ಎಲ್ಲರೂ ಸಾಯುತ್ತಾರೆ, ರಕ್ಕಸನು ಉಳಿಯುತ್ತಾನೆ. ಅತ್ತ ನೆರೆಯ ಊರುಗಳೂ ಕೂಡಿ 5,000 ಮಂದಿ ಬಂದರೆ ಸಾಯುವವರು 37 ಮಂದಿ; ಅಂದರೆ ನೂರಕ್ಕೆ ಒಬ್ಬನೂ ಇಲ್ಲ. ರಕ್ಕಸನು ಅವನೇ, ಅವನ ತೋಳು ಅದೇ. ಬದಲಾದುದು ಮನೆಯ ಒಳಗೆ ಉಳಿದವರ ಎಣಿಕೆ.

ಏಕಚಕ್ರದ ಗೃಹಸ್ಥನೊಬ್ಬನು ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತ ಏನು ಯೋಚಿಸಿಯಾನು? "ಸಾವಿರ ಜನ ಬರುವುದಾದರೆ ನಾನು ಸಾಯುವ ಸಂಭವ ಐದರಲ್ಲೊಂದು. ಐನೂರೇ ಜನ ಬಂದರೆ ಸಾವು ನಿಶ್ಚಯ. ಮನೆಯಲ್ಲೇ ಕುಳಿತರೆ ನನ್ನ ಸರದಿ ಬರಲು ಇನ್ನೂ ಕೆಲವು ವರ್ಷಗಳಿವೆ." ಅವನನ್ನು ಹೇಡಿಯೆನ್ನುವುದು ಸುಲಭ, ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ನೆರೆಯವನೂ ಇದೇ ಲೆಕ್ಕವನ್ನು ಹಾಕುತ್ತಿದ್ದಾನೆಂಬುದು ಅವನಿಗೆ ಗೊತ್ತು. ಬಕನ ನಿಜವಾದ ಕವಚವು ಇದೇ.

ಇದನ್ನು ಇನ್ನಷ್ಟು ಸ್ಪಷ್ಟಗೊಳಿಸುವ ವಿಚಾರವೊಂದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಮಂಡಿಸಿದರು. ನೂರು ಜನರ ಗುಂಪಿನಲ್ಲಿ ಪ್ರತಿಯೊಬ್ಬನಿಗೂ ಒಂದು ಹೊಸ್ತಿಲಿದೆಯೆಂದು ಭಾವಿಸಿ. ಯಾರೂ ಏಳದಿದ್ದರೂ ತಾನು ಏಳುವವನು ಒಬ್ಬ; ಅವನ ಹೊಸ್ತಿಲು ಸೊನ್ನೆ. ಒಬ್ಬನು ಎದ್ದರೆ ತಾನೂ ಏಳುವೆನೆಂಬವನು ಇನ್ನೊಬ್ಬ, ಇಬ್ಬರೆದ್ದರೆ ಏಳುವವನು ಮತ್ತೊಬ್ಬ, ಹೀಗೆ 99ರವರೆಗೆ. ಮೊದಲನೆಯವನು ಎದ್ದೊಡನೆ ಎರಡನೆಯವನು, ಅವನ ಹಿಂದೆ ಮೂರನೆಯವನು. ಕ್ಷಣದಲ್ಲಿ ನೂರು ಮಂದಿಯೂ ಬೀದಿಯಲ್ಲಿರುವರು. ಈಗ ಒಂದೇ ಒಂದು ಬದಲಾವಣೆ ಮಾಡಿ: ಹೊಸ್ತಿಲು 1 ಆಗಿದ್ದವನಿಗೆ 2 ಎಂದು ಬರೆಯಿರಿ. ಮೊದಲನೆಯವನು ಎದ್ದು ನಿಂತು ಹಿಂದಿರುಗಿ ನೋಡಿದರೆ ಯಾರೂ ಇಲ್ಲ. ಎರಡು ಊರುಗಳ ಜನರು ಹೆಚ್ಚುಕಡಮೆ ಒಂದೇ ಬಗೆಯವರು. ಒಂದು ದಂಗೆಯೆದ್ದಿತು, ಇನ್ನೊಂದು ತಲೆಬಾಗಿತು.

ಜಾಣನಾದ ಖಳನು ನೂರು ಜನರೊಡನೆ ಹೊಡೆದಾಡುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಏಣಿಯ ಕೆಳಗಿನ ಮೆಟ್ಟಿಲುಗಳಾಗಿರುವ ಇಬ್ಬರು ಮೂವರನ್ನು ಅವನು ಹುಡುಕುತ್ತಾನೆ. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲಿ ತುರುಗಳನ್ನು ಬಿಡಿಸಲು ಹೋಗಿ, ಊರಳಿವಿನಲ್ಲಿ ಕಾದಿ ಮಡಿದವರ ಚಿತ್ರಗಳಿವೆ. ಅವರಲ್ಲಿ ಹೊಸ್ತಿಲು ಸೊನ್ನೆಯಾಗಿದ್ದವರೇ ಬಹಳವಿರಬೇಕು. ಆ ಕಲ್ಲುಗಳನ್ನು ನಿಲ್ಲಿಸಿದ ಊರು ಎರಡನೆಯವನ, ಮೂರನೆಯವನ ಹೊಸ್ತಿಲನ್ನು ತಗ್ಗಿಸುವ ಉಪಾಯವನ್ನು ಮಾಡುತ್ತಿತ್ತೆಂದು ನಮಗೆ ತೋರುತ್ತದೆ.

ಗೆಲ್ಲುವುದು ಹೀಗಾಯಿತು. ಗೆದ್ದ ಊರನ್ನು ಹಿಡಿದಿಟ್ಟುಕೊಳ್ಳುವುದು ಬೇರೆ ಮಾತು. ರಕ್ಕಸನಿಗೂ ನಿದ್ರೆಯುಂಟು, ಒಂದು ಬಾಗಿಲನ್ನು ಕಾಯುವಾಗ ಇನ್ನೊಂದು ಬಾಗಿಲಿಗೆ ಬೆನ್ನು ಹಾಕಲೇಬೇಕು, ಎರಡನೆಯ ಊರನ್ನು ಗೆದ್ದ ದಿನವೇ ಮೊದಲನೆಯದರಲ್ಲಿ ಅವನಿಲ್ಲ. ಆದುದರಿಂದ ಅವನಿಗೆ ಆಳುಗಳು ಬೇಕು. ಆಳುಗಳು ಬಂದ ಕ್ಷಣ ಅವನು ಒಂಟಿಯಲ್ಲ. ಅವರಿಗೆ ಕೂಳು ಬೇಕು, ಕೂಲಿ ಬೇಕು.

ಈ ಭಾಗಕ್ಕೆ ಕಲ್ಪನೆಯ ಊರು ಬೇಕಿಲ್ಲ. ನಮ್ಮ ನಾಡಿನಲ್ಲಿಯೇ ನಡೆದ ಉದಾಹರಣೆಯಿದೆ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘನು ಹೈದರನ ಸೇನೆಯಲ್ಲಿದ್ದವನು. ಆಮೇಲೆ ಸ್ವತಂತ್ರನಾಗಿ ಸುಲಿಗೆಗಿಳಿದು, ಕೊನೆಗೆ ಟಿಪ್ಪುವಿನ ಸೆರೆಯಲ್ಲಿ ಬಿದ್ದಿದ್ದನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅವನು ಸೆರೆಯಿಂದ ಹೊರಬಂದನು. ಅಂದು ಅವನಲ್ಲಿದ್ದುದು ಅವನ ಹೆಸರೊಂದೇ ಎನ್ನಬೇಕು. ಆದರೆ ಟಿಪ್ಪುವಿನ ಸೇನೆ ಚದುರಿತ್ತು. ಸಂಬಳವಿಲ್ಲದ, ಕುದುರೆಯಿದ್ದ ಸವಾರರು ನಾಡಿನ ತುಂಬ ಅಲೆಯುತ್ತಿದ್ದರು. ಒಬ್ಬನು ಸೇರಿದನು, ಹತ್ತು ಜನ ಸೇರಿದರು, ಸಾವಿರವಾಯಿತು. ಗ್ರಾನೊವೆಟರರ ಏಣಿಯು ಇಲ್ಲಿ ಖಳನ ಪರವಾಗಿ ಕೆಲಸಮಾಡಿತು. ಬಿದನೂರು, ಶಿವಮೊಗ್ಗಗಳು ಅವನ ಕೈಸೇರಿದುವು. ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಸೋತು ಉತ್ತರಕ್ಕೆ ಓಡಿದವನು ಮರುವರ್ಷ ಇನ್ನೂ ದೊಡ್ಡ ದಂಡಿನೊಡನೆ ಧಾರವಾಡ ಸೀಮೆಯಲ್ಲಿ ಕಾಣಿಸಿಕೊಂಡು 'ಉಭಯ ಲೋಕಾಧೀಶ್ವರ'ನೆಂದು ಕರೆಸಿಕೊಂಡನು. ಒಂದು ಲೋಕವು ಸಾಲದಾಯಿತು!

ಅವನನ್ನು ಖಳನೆನ್ನುವುದು ಅವನ ವೈರಿಗಳ ಮಾತೆಂಬುದನ್ನೂ ಇಲ್ಲಿ ಹೇಳಬೇಕು. ಇಂಗ್ಲಿಷರ ಕಾಗದಪತ್ರಗಳಲ್ಲಿ ಅವನು ದರೋಡೆಗಾರ. ಕಂಪೆನಿಯನ್ನು ಎದುರಿಸಿದ ಮೊದಲಿಗರಲ್ಲೊಬ್ಬನೆಂದು ಅವನನ್ನು ಗೌರವಿಸುವವರೂ ಕರ್ನಾಟಕದಲ್ಲಿದ್ದಾರೆ. ನಮ್ಮ ಲೆಕ್ಕಕ್ಕೆ ಎರಡೂ ಒಂದೇ. 1800ರ ಜೂನ್ ಕೊನೆಯಲ್ಲಿ, ಕಿತ್ತೂರಿನ ಸಮೀಪ, ಅವನು ಮರಾಠ ಸರದಾರ ಧೋಂಡೋಪಂತ ಗೋಖಲೆಯನ್ನು ಸೋಲಿಸಿ ಕೊಂದನು. ಕಾಗವಾಡಕ್ಕೆ ಕೆಲವೇ ಹರದಾರಿ ದೂರದ ಮಿರಜಿನ ಪಟವರ್ಧನ ಮನೆತನದ ಚಿಂತಾಮಣರಾಯರು ಆ ಕಾಳಗದಲ್ಲಿ ಗಾಯಗೊಂಡರು.

ಇಷ್ಟೆಲ್ಲ ಗೆದ್ದವನು ಒಂದು ಕಡೆ ಏಕೆ ನಿಲ್ಲಲಿಲ್ಲ? ಕುದುರೆಯ ಬಾಯನ್ನು ನೋಡಿ. ಕುದುರೆಯು ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡು ಪಾಲಿನಷ್ಟು ಒಣ ಮೇವನ್ನು ತಿನ್ನುತ್ತದೆ. 400 ಕಿಲೋಗ್ರಾಮಿನ ಕುದುರೆಗೆ 8 ಕಿಲೋಗ್ರಾಮು. 5,000 ಕುದುರೆಗಳಿಗೆ ದಿನಕ್ಕೆ 40 ಟನ್ನು. ಬಂಡಿಗೆ ಅರ್ಧ ಟನ್ನಿನಂತೆ 80 ಬಂಡಿಗಳು. ಬಕನಿಗೆ ಒಂದು ಬಂಡಿ ಸಾಕಾಗಿತ್ತು. ಯಾವ ಹಳ್ಳಿಯ ಬಣವೆಗಳು ಇದನ್ನು ಎಷ್ಟು ದಿನ ತಾಳಿಯಾವು? ದಂಡು ಓಡುತ್ತಲೇ ಇರಬೇಕು. ಓಡುವ ದಂಡು ಊರನ್ನು ಸುಲಿಯಬಲ್ಲುದು, ಆಳಲಾರದು.

ಅವನ ಬೆನ್ನುಹತ್ತಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು (1815ರಲ್ಲಿ ವಾಟರ್ಲೂ ಕದನವನ್ನು ಗೆದ್ದ ವೆಲಿಂಗ್ಟನ್ ಈತನೇ) ಈ ಮಾತನ್ನು ಚೆನ್ನಾಗಿ ಬಲ್ಲವನಾಗಿದ್ದನು. ಎತ್ತುಗಳ ಯೋಗಕ್ಷೇಮಕ್ಕೆ ಅವನು ಕೊಟ್ಟ ಗಮನ ಪ್ರಸಿದ್ಧವಾದುದು. ಬಂಜಾರರ ಹೇರೆತ್ತುಗಳು ಅವನ ದಂಡಿಗೆ ಧಾನ್ಯ ತರುತ್ತಿದ್ದುವು. ಜುಲೈ 26ರಂದು ಡಂಬಳದ ಕೋಟೆ ಅವನ ವಶವಾಯಿತು. ಜುಲೈ 30ರಂದು, ಇಂದಿನ ಬೆಳಗಾವಿ ಜಿಲ್ಲೆಯ ಮುನವಳ್ಳಿಯ ಎದುರು, ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾನ ಪಾಳೆಯದ ಮೇಲೆ ಅವನು ಎರಗಿದನು. ತುಂಬಿದ ಹೊಳೆಗೆ ನೂಕಲ್ಪಟ್ಟು ಬಹಳ ಜನ ಮುಳುಗಿದರು. ಅಲ್ಲಿಂದ ಏಣಿಯು ಕೆಳಮುಖವಾಯಿತು. ಒಬ್ಬನು ಬಿಟ್ಟುಹೋದನೆಂದು ಇನ್ನೊಬ್ಬನು, ಅವನು ಹೋದನೆಂದು ಮತ್ತೊಬ್ಬನು. ಸೆಪ್ಟೆಂಬರ್ 10ರಂದು ಕೃಷ್ಣಾ ತುಂಗಭದ್ರೆಗಳ ನಡುವಣ ಕೋಣಗಲ್ಲಿನಲ್ಲಿ ಕೊನೆಯ ಕಾಳಗವಾದಾಗ ಅವನೊಡನೆ ಸುಮಾರು 5,000 ಕುದುರೆಗಳಿದ್ದುವು. ವೆಲ್ಲೆಸ್ಲಿಯ ಬಳಿ ನಾಲ್ಕು ಅಶ್ವದಳಗಳು. ಸಂಖ್ಯೆಯಲ್ಲಿ ಬಹಳ ಕಡಮೆ. ಅವನು ಅವೆಲ್ಲವನ್ನೂ ಒಂದೇ ಸಾಲಾಗಿ ಹರಡಿ ಒಮ್ಮೆಲೇ ನುಗ್ಗಿಸಿದನು. ಎದುರಾಳಿಗಳು ಕೆಲಕಾಲ ಅಚಲವಾಗಿ ನಿಂತರು, ಬಳಿಕ ಚದುರಿದರು. ಲ್ಯಾಂಚೆಸ್ಟರನ ಸೂತ್ರದಲ್ಲಿ ಬರೆಯಬೇಕಾದ ಸಂಖ್ಯೆಯು ನೆಲದ ಮೇಲೆ ನಿಂತವರದಲ್ಲ, ಆ ಗಳಿಗೆಯಲ್ಲಿ ಪೆಟ್ಟು ಕೊಡುವವರದು. ಧೋಂಡಿಯಾ ಅಲ್ಲಿಯೇ ಸತ್ತನು. ಪಾಳೆಯದ ಸಾಮಾನುಗಳ ನಡುವೆ ಸಿಕ್ಕಿದ ಅವನ ಮಗ ಸಲಾಬತ್ ಖಾನನೆಂಬ ಹುಡುಗನನ್ನು ವೆಲ್ಲೆಸ್ಲಿ ತಾನೇ ಸಾಕಿಸಿ, ಅವನ ಪೋಷಣೆಗೆ ಹಣವನ್ನಿಟ್ಟನು.

ಆಟದ ಸೂತ್ರಧಾರರಿಗೆ ನಮ್ಮದೊಂದು ಸೂಚನೆಯಿದೆ. ಖಳನ ಬಲವನ್ನು ಬರೆದಿಡುವ ಹಾಳೆಯಲ್ಲಿ ಅವನ ತೋಳಿನ ಅಂಕಿಯ ಪಕ್ಕದಲ್ಲಿಯೇ ಊರಿನ ಹೊಸ್ತಿಲುಗಳನ್ನೂ ಬರೆದಿಡಿ. ಆಟದ ರುಚಿ ಇಮ್ಮಡಿಸುವುದು. ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡಗಳ ವಿದ್ಯಾರ್ಥಿಗಳು ಸುತ್ತಣ ಊರುಗಳಿಗೆ ಹೋದಾಗ ಹುಡೇವು ಅಥವಾ ಹಳೆಯ ವಾಡೆಯ ಗೋಡೆ ಕಂಡರೆ ಇನ್ನೊಂದು ಕೆಲಸವನ್ನೂ ಮಾಡಬಹುದು. ಬಾಗಿಲಿನ ಅಗಲವನ್ನು ಹೆಜ್ಜೆಗಳಿಂದ ಅಳೆದು ಅಲ್ಲಿ ಎಷ್ಟು ಜನ ಸಾಲಾಗಿ ನಿಲ್ಲಬಲ್ಲರೆಂದು ಗುರುತು ಮಾಡಿಕೊಳ್ಳಿ. ಗೋಡೆಯ ಮೇಲೆ ತೋಳು ಬೀಸಲು ಎಡೆಯಿರುವಂತೆ ಎಷ್ಟು ಕವಣೆಗಾರರು ನಿಲ್ಲಬಲ್ಲರೆಂಬುದನ್ನೂ ಎಣಿಸಿ. ಎರಡು ಅಂಕಿಗಳೂ ಕೈಗೆ ಬಂದರೆ, ಆ ಊರಿಗೆ ಎಷ್ಟು ದೊಡ್ಡ ರಕ್ಕಸನ ಭಯವಿತ್ತೆಂಬುದನ್ನು ಅರ್ಧ ಹಾಳೆಯಲ್ಲಿ ಲೆಕ್ಕ ಹಾಕಬಹುದು.